ಸಹಿ ಸಾಕೆನ್ನುವವರಿಗೆ

ಜೊಯಿಡಾದ ಕಾಡಿನ ಕುಣಬಿ ಸಮುದಾಯದ ಹೆಂಗಸಿಗೆ ಹೆಸರು ಬರೆಯಲು ಕಲಿಸಿ, ಸಾಕ್ಷರತೆಯ ಲೆಕ್ಕ ಮುಗಿಸಿ ಎದ್ದು ಹೋಗುವವರನ್ನು ಕೇಳುತ್ತೇನೆ: ಅವಳು ಸಹಿ ಹಾಕಬೇಕಾದ್ದು ಯಾರು ಬರೆದ ಕಾಗದಕ್ಕೆ? ಸಾಲದ ಪತ್ರಕ್ಕೆ. ಪಂಚನಾಮೆಗೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದಿಂದ ‘ಸ್ವಇಚ್ಛೆಯಿಂದ’ ಹೊರಡುತ್ತೇನೆಂಬ ಒಪ್ಪಿಗೆಗೆ. ಹೆಬ್ಬೆಟ್ಟಿದ್ದಲ್ಲಿ ಸಹಿ ಬಂದರೆ ಕಚೇರಿಗೆ ಅನುಕೂಲ. ಅವಳಿಗೇನು ದಕ್ಕಿತು?

ವಯಸ್ಕರಿಗೆ ಪದ್ಯ ಕಟ್ಟಿ ಬರೆಯುವುದನ್ನು ಕಲಿಸಬೇಕು. ಮೊದಲ ತಿಂಗಳಿಂದಲೇ ಕಲಿಸಬೇಕು.

‘ಅಕ್ಷರವೇ ಬರದವರಿಗೆ ಕವಿತೆಯೇ?’ ಎಂದು ನಗುವವರು ಒಮ್ಮೆ ಉಳವಿಗೆ ಹೋಗಿ ಬರಲಿ. ಚನ್ನಬಸವಣ್ಣನ ಸಮಾಧಿ ಇರುವುದು ಇದೇ ಜೊಯಿಡಾ ತಾಲ್ಲೂಕಿನ ಆ ಊರಿನಲ್ಲಿ. ಕಲ್ಯಾಣ ಹೊತ್ತಿ ಉರಿದಾಗ ಶರಣರು ವಚನದ ಕಟ್ಟುಗಳನ್ನು ಹೊತ್ತು ಬಂದದ್ದು ಈ ಕಾಡಿಗೆ ಎಂದು ನಾಡು ನಂಬಿದೆ. ಆ ಕಟ್ಟುಗಳಲ್ಲಿ ದೋಣಿ ನಡೆಸುವ ಚೌಡಯ್ಯನಿದ್ದ, ಅಕ್ಕಿ ಆಯುವ ಲಕ್ಕಮ್ಮ ಇದ್ದಳು. ದುಡಿಯುವವರ ಮಾತೇ ಕಾವ್ಯವಾದ ನಾಡಿದು. ಅದೇ ಉಳವಿಯ ಸುತ್ತಲ ಹಾಡಿಗಳಲ್ಲಿ ಇಂದು ‘ಅ ಅರಸ, ಆ ಆನೆ’ ತಿದ್ದಿಸುತ್ತೇವೆ. ಆನೆ ಗದ್ದೆಗೆ ನುಗ್ಗಿದ ರಾತ್ರಿಯ ಬಗ್ಗೆ ಆ ಕುಣಬಿ ಹೆಂಗಸಿಗೆ ಹೇಳುವುದು ಬೇಕಾದಷ್ಟಿದೆ. ಅದನ್ನು ಯಾರೂ ಕೇಳುವುದಿಲ್ಲ.

ಕಲಿಸುವ ದಾರಿ ಕಷ್ಟದ್ದೇನಲ್ಲ. ಬೀಸುವಾಗ, ನಾಟಿ ಮಾಡುವಾಗ ಅವಳು ಹಾಡುವ ಪದವನ್ನೇ ಹಲಗೆಯ ಮೇಲೆ ಬರೆಯಿರಿ. ಮುಂದಿನ ಮಾತು ಯಾವುದೆಂದು ಅವಳ ಬಾಯಿಗೆ ಮೊದಲೇ ಗೊತ್ತು, ಕಣ್ಣು ಅದರ ಹಿಂದೆ ಹೋಗುತ್ತದೆ. ಕೆಲವು ದಿನ ಕಳೆದ ಮೇಲೆ ಅದೇ ಪದದಲ್ಲಿ ಒಂದು ಸಾಲು ಖಾಲಿ ಬಿಡಿ, ತನ್ನದನ್ನು ತುಂಬಲಿ. ಅವಳ ಮನೆಮಾತು ಕೊಂಕಣಿ. ಕನ್ನಡ ಲಿಪಿಯಲ್ಲಿ ಕೊಂಕಣಿ ಬರೆದರೆ ಬರೆಯಲಿ, ಯಾರ ಗಂಟು ಹೋಗುತ್ತದೆ? ಇದೇ ಕಾಡಿನ ದನಗಾಹಿ ಗೌಳಿಗಳ ಮರಾಠಿಗೂ ಇದೇ ಮಾತು.

ನಿಕರಾಗುವಾ ಎಂಬ ಬಡ ದೇಶ 1979ರ ಕ್ರಾಂತಿಯ ಮರುವರ್ಷವೇ ಸಾಕ್ಷರತಾ ಆಂದೋಲನ ನಡೆಸಿತು. ಅಲ್ಲಿ ಸಂಸ್ಕೃತಿ ಮಂತ್ರಿಯಾಗಿದ್ದ ಕವಿ ಎರ್ನೆಸ್ಟೊ ಕಾರ್ಡೆನಾಲ್ ಊರೂರಿಗೆ ಕವಿತೆಯ ಕಮ್ಮಟ ಕೊಂಡೊಯ್ದ. ರೈತರು, ಸಿಪಾಯಿಗಳು ಬರೆದರು. ನಮ್ಮಲ್ಲಿ? ‘ಉಲ್ಲಾಸ್’ ಎಂಬ ಚೆಂದದ ಹೆಸರಿನ ವಯಸ್ಕರ ಸಾಕ್ಷರತಾ ಯೋಜನೆಗೆ 2022ರಿಂದ 27ರವರೆಗೆ 5 ಕೋಟಿ ಜನರ ಗುರಿ, 1037.90 ಕೋಟಿ ರೂಪಾಯಿ. ತಲೆಗೆ 207 ರೂಪಾಯಿ ಚಿಲ್ಲರೆ. ಕಲಿಸುವವರು ಸಂಬಳವಿಲ್ಲದ ಸ್ವಯಂಸೇವಕರು. ಪರೀಕ್ಷೆ 150 ಅಂಕಕ್ಕೆ: ಓದು, ಬರಹ, ಲೆಕ್ಕ. ಅವಳ ಸ್ವಂತ ಮಾತಿಗೆ ಪ್ರತ್ಯೇಕ ಅಂಕವಿಲ್ಲ.

ಕವಿತೆ ಹೊಟ್ಟೆ ತುಂಬಿದವರ ಚಟ ಎನ್ನುವವರು ಇದನ್ನು ಕೇಳಿ. ಗೋವೆಯ ಗಡಿ ದಾಟಿದರೆ ಕುಣಬಿ 2003ರಿಂದ ಪರಿಶಿಷ್ಟ ಪಂಗಡ. ಗಡಿಯ ಈಚೆ ಅಲ್ಲ. ಹಾಗಾಗಿ 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಇಲ್ಲಿಯ ಕುಣಬಿ ತನ್ನವರು ಮೂರು ತಲೆಮಾರು, 75 ವರ್ಷ ಈ ಕಾಡಿನಲ್ಲೇ ಇದ್ದರೆಂದು ರುಜುವಾತು ಮಾಡಬೇಕು. ಕಾಡು ಸವರಿ ಜಾಗ ಬದಲಿಸುತ್ತ ಕುಮರಿ ಬೇಸಾಯ ಮಾಡಿ ಬಾಳಿದವರ ಅಜ್ಜನ ಕಾಲದ ದಾಖಲೆ ಎಲ್ಲಿಂದ ಬರಬೇಕು? ಅದೇ ಕಾಯ್ದೆಯ ನಿಯಮ ಒಂದು ಬಾಗಿಲು ತೆರೆದಿಟ್ಟಿದೆ: ಹಿರಿಯರ ಹೇಳಿಕೆಯನ್ನು ಬರಹಕ್ಕಿಳಿಸಿದರೆ ಅದೂ ಸಾಕ್ಷ್ಯ. ಬರಹಕ್ಕಿಳಿಸುವವರು ಯಾರು? ಗುಡ್ಡದ ಹೆಸರು, ಹಳ್ಳದ ಹೆಸರು, ಹಿರಿಯರನ್ನು ಮಣ್ಣು ಮಾಡಿದ ಜಾಗ, ಸೂಪಾ ಅಣೆಕಟ್ಟೆಯ ನೀರಿನಡಿ ಹೋದ ಊರು, ಇದೆಲ್ಲ ಹಾಡಿನಲ್ಲಿ ನೆನಪಿಟ್ಟವಳೇ ಬರೆಯುವಂತಾದರೆ ಆ ಹೇಳಿಕೆಯನ್ನು ಯಾವ ಗುಮಾಸ್ತನೂ ತನ್ನಿಚ್ಛೆಗೆ ತಿರುಚಲಾರ.

ಅಂಕೋಲೆಯ ಜನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಕೊಟ್ಟೆವು, 2025ರಲ್ಲಿ ಅವರು ತೀರಿಕೊಂಡಾಗ ಕಣ್ಣೊರೆಸಿಕೊಂಡೆವು. ಸಾವಿರಾರು ಹಾಡು ಬಲ್ಲ ಆ ತಾಯಿಗೆ ಅಕ್ಷರ ಬರುತ್ತಿರಲಿಲ್ಲ. ಇನ್ನೊಬ್ಬರು ಬಂದು ಬರೆದುಕೊಂಡು ಹೋಗುವವರೆಗೆ ಕಾಯುವುದೇ ಇಂಥವರ ಪಾಡಾಗಬೇಕೆ? ಇದಕ್ಕೆ ನಾಚಿಕೆಪಡಬೇಕಾದವರು ನಾವು.

ಧಾರವಾಡದ, ಕಾರವಾರದ ಕವಿಗಳೇ, ಗೋಷ್ಠಿ ಬಿಟ್ಟು ಜೊಯಿಡಾಕ್ಕೆ ಬನ್ನಿ. ಸುಗ್ಗಿ ಮುಗಿದ ಸಂಜೆ ಹಾಡಿಯ ಅಂಗಳದಲ್ಲಿ ಕೂತು ಕಲಿಸಿ. ಕಾಗುಣಿತ ತಿದ್ದಿ. ಅವರ ಸಾಲನ್ನು ತಿದ್ದಬೇಡಿ.