ಒಂದೆರಡು ಏಟು, ಅಷ್ಟೆ



ಈ ತಿಂಗಳು ನಿಮಗೆ ಒಂದು ಪ್ರಶ್ನೆ ಕೇಳುತ್ತೇನೆ. ಉತ್ತರವನ್ನು ನನಗೆ ಬರೆದು ಕಳಿಸಬೇಕಾಗಿಲ್ಲ, ಪಕ್ಕದಲ್ಲಿ ಕುಳಿತವರಿಗೆ ಹೇಳಬೇಕಾಗಿಯೂ ಇಲ್ಲ. ಗಂಡ ಹೆಂಡತಿಗೆ ಹೊಡೆಯುವುದು ಸರಿಯೇ?

ಹೀಗೆ ಕೇಳಿದರೆ ನಿಮ್ಮಲ್ಲಿ ಹೆಚ್ಚಿನವರು 'ಛೆ, ಸರಿಯಲ್ಲ' ಎನ್ನುತ್ತೀರಿ. ಹಾಗಾದರೆ ಅದೇ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ಕೇಳೋಣ. ಹೇಳದೆ ಕೇಳದೆ ಮನೆಯಿಂದ ಹೊರಗೆ ಹೋದರೆ? ಮನೆ, ಮಕ್ಕಳನ್ನು ಸರಿಯಾಗಿ ನೋಡಿಕೊಳ್ಳದಿದ್ದರೆ? ಎದುರುತ್ತರ ಕೊಟ್ಟರೆ? ಅಡುಗೆ ಸರಿಯಾಗಿ ಮಾಡದಿದ್ದರೆ? ಅತ್ತೆ ಮಾವನಿಗೆ ಗೌರವ ಕೊಡದಿದ್ದರೆ? ರಾತ್ರಿ ಒಲ್ಲೆ ಎಂದರೆ? ಅವಳ ನಡತೆಯ ಮೇಲೆ ಅವನಿಗೆ ಸಂಶಯ ಬಂದರೆ? ಈಗ ನಿಮ್ಮ ಉತ್ತರ ಮೊದಲಿನಷ್ಟೇ ಬೇಗ ಬಂತೇ?

ಈ ಏಳು ಪ್ರಶ್ನೆಗಳು ನನ್ನವಲ್ಲ. ಕೇಂದ್ರ ಆರೋಗ್ಯ ಇಲಾಖೆಗಾಗಿ ಮುಂಬೈಯ ಅಂತಾರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ನಡೆಸುವ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕೇಳಿದವು. 2019-21ರಲ್ಲಿ ನಡೆದ ಐದನೆಯ ಸಮೀಕ್ಷೆಯಲ್ಲಿ ನಮ್ಮ ಕರ್ನಾಟಕದ 76.9 ಶೇಕಡಾ ಮಹಿಳೆಯರು ಈ ಏಳರಲ್ಲಿ ಒಂದಕ್ಕಾದರೂ 'ಹೌದು, ಹೊಡೆಯಬಹುದು' ಎಂದು ಉತ್ತರಿಸಿದರು. ಹಿಮಾಚಲ ಪ್ರದೇಶದಲ್ಲಿ ಹಾಗೆಂದವರು 14.8 ಶೇಕಡಾ ಮಾತ್ರ. ಈ ಸುದ್ದಿ ಬಂದಾಗ 'ನೋಡಿ, ಹೆಂಗಸರೇ ಒಪ್ಪಿಕೊಂಡಿದ್ದಾರೆ' ಎಂದು ನಕ್ಕವರಿದ್ದರು. ಅವರು ಪಕ್ಕದ ಅಂಕಿಯನ್ನು ಓದಲಿಲ್ಲವೆಂದು ಕಾಣುತ್ತದೆ. ಕರ್ನಾಟಕದಲ್ಲಿ ಅದೇ ಪ್ರಶ್ನೆಗೆ ಹೌದು ಎಂದ ಗಂಡಸರು 81.9 ಶೇಕಡಾ.

ಅಂಕಿ ಸಂಖ್ಯೆಗಳನ್ನು ಕಂಡರೆ ಪುಟ ತಿರುಗಿಸುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ. ಆದರೆ ಈ ಅಂಕಿಗಳನ್ನು ಹೇಗೆ ಸಂಗ್ರಹಿಸುತ್ತಾರೆಂದು ತಿಳಿದರೆ ಅವು ನಮ್ಮದೇ ಮನೆಯ ಮಾತು ಎನಿಸುತ್ತದೆ. ಹಿಂಸೆಯ ಕುರಿತಾದ ಪ್ರಶ್ನೆಗಳನ್ನು ಒಂದು ಮನೆಯಲ್ಲಿ ಒಬ್ಬ ಮಹಿಳೆಗೆ ಮಾತ್ರ ಕೇಳುತ್ತಾರೆ. ಅತ್ತೆಗೂ ಸೊಸೆಗೂ ಇಬ್ಬರಿಗೂ ಕೇಳುವಂತಿಲ್ಲ. ಕೇಳುವಾಗ ಬೇರೆ ಯಾರೂ ಹತ್ತಿರ ಇರಬಾರದು. ಯಾರಾದರೂ ಒಳಗೆ ಬಂದರೆ ಮಾತು ನಿಲ್ಲಿಸಬೇಕು, ಏಕಾಂತ ಸಿಗದಿದ್ದರೆ ಆ ಭಾಗವನ್ನೇ ಕೈಬಿಡಬೇಕು. ಏಕೆಂದರೆ ಸಂಶೋಧಕರು ಹೊರಟು ಹೋದ ಮೇಲೆ ಅದೇ ಮನೆಯಲ್ಲಿ ಉಳಿಯಬೇಕಾದವಳು ಆಕೆ. ಉತ್ತರ ಕೊಟ್ಟದ್ದಕ್ಕೇ ಆಕೆ ಏಟು ತಿನ್ನುವಂತಾಗಬಾರದು.

ಇನ್ನೊಂದು ಜಾಣತನವೂ ಅಲ್ಲಿದೆ. 'ನಿಮ್ಮ ಮೇಲೆ ದೌರ್ಜನ್ಯ ನಡೆದಿದೆಯೇ' ಎಂದು ಮಾತ್ರ ಕೇಳಿ ಅವರು ಸುಮ್ಮನಾಗುವುದಿಲ್ಲ. ತಳ್ಳಿದ್ದಾರೆಯೇ, ಕೈ ತಿರುಚಿದ್ದಾರೆಯೇ, ಕೂದಲು ಹಿಡಿದು ಎಳೆದಿದ್ದಾರೆಯೇ, ಕೆನ್ನೆಗೆ ಹೊಡೆದಿದ್ದಾರೆಯೇ, ಮುಷ್ಟಿಯಿಂದ ಗುದ್ದಿದ್ದಾರೆಯೇ, ಒದ್ದಿದ್ದಾರೆಯೇ, ಕುತ್ತಿಗೆ ಹಿಸುಕಿದ್ದಾರೆಯೇ ಎಂದು ಒಂದೊಂದಾಗಿ ಕೇಳುತ್ತಾರೆ.

ಯಾಕೆ ಹೀಗೆ? ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ನಮ್ಮ ಮೊಹಲ್ಲಾದಲ್ಲಿ. ಭಾನುವಾರ ಅಸರ್ ನಮಾಝಿನ ಬಳಿಕ ಮಹಿಳೆಯರಿಗಾಗಿ ನಾನೊಂದು ತರಗತಿ ನಡೆಸುತ್ತೇನೆ. ಬೀಡಿ ಕಟ್ಟುವವರು, ಹೊಲಿಗೆಯವರು, ಕಾಲೇಜು ಮುಗಿಸಿ ಮದುವೆಯಾದ ಹುಡುಗಿಯರು ಎಲ್ಲರೂ ಬರುತ್ತಾರೆ. ಒಂದು ದಿನ ಈ ಪ್ರಶ್ನೆಗಳನ್ನು ಅಲ್ಲಿ ಓದಿದೆ. ಯಾರೂ ಉತ್ತರಿಸಬೇಕಾಗಿಲ್ಲ, ಸುಮ್ಮನೆ ಕೇಳಿ ಎಂದಿದ್ದೆ. ಆದರೂ ಮಾತು ಬಂತು. "ಸುಮ್ಮಸುಮ್ಮನೆ ಹೊಡೆಯೋದು ತಪ್ಪು ಆಪಾ. ನಮ್ಮದೇ ತಪ್ಪಿದ್ದರೆ ಗಂಡಸು ಸುಮ್ಮನೆ ಇರ್ತಾನಾ?" ಎಂದು ಹಿರಿಯರೊಬ್ಬರು ಕೇಳಿದರು. ಗಂಡನನ್ನು ಯಾವಾಗಲೂ ಹೊಗಳುವ ಇನ್ನೊಬ್ಬರು, "ನಮ್ಮ ಮನೆಯವರು ಹೊಡೆಯೋದಿಲ್ಲ" ಎಂದರು. ಸ್ವಲ್ಪ ಹೊತ್ತಿನ ನಂತರ ತಾವೇ ಸೇರಿಸಿದರು, "ಕೋಪ ಬಂದಾಗ ಒಂದೆರಡು ಏಟು, ಅಷ್ಟೆ."

ಆಕೆ ಸುಳ್ಳು ಹೇಳಲಿಲ್ಲ. ಆಕೆಯ ಮಟ್ಟಿಗೆ ಹೊಡೆಯುವುದೆಂದರೆ ರಕ್ತ ಬರುವಂತೆ, ನೆರೆಯವರು ಓಡಿ ಬರುವಂತೆ ಹೊಡೆಯುವುದು. ಕೆನ್ನೆಗೆ ಬಿದ್ದದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ದೇಶದಾದ್ಯಂತ ಹೆಂಡತಿಯರು ಹೇಳಿಕೊಂಡ ಹಿಂಸೆಯಲ್ಲಿ ಅತಿ ಹೆಚ್ಚು ಇರುವುದು ಈ ಕೆನ್ನೆಗೆ ಬಿದ್ದ ಏಟೇ. ನಾಲ್ವರಲ್ಲಿ ಒಬ್ಬರು ಅದನ್ನು ಅನುಭವಿಸಿದ್ದಾರೆ.

ನಾನು ಮದ್ರಸದಲ್ಲಿ ಕಲಿತವಳು. ಬಿ.ಎ.ಯನ್ನು ಆಮೇಲೆ ಖಾಸಗಿಯಾಗಿ ಕಟ್ಟಿ ಮುಗಿಸಿದೆ. ಸಮಾಜಶಾಸ್ತ್ರದ ಪುಸ್ತಕದಲ್ಲಿ 'ಸಾಮಾಜೀಕರಣ' ಎಂಬ ಅಧ್ಯಾಯವಿತ್ತು. ಪರೀಕ್ಷೆಗೆ ಅದರ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿದ್ದೆ. ಅದರ ಅರ್ಥ ನನಗೆ ಪೂರ್ತಿಯಾಗಿ ಆದದ್ದು ಆ ಭಾನುವಾರ. ಏಟು ಯಾವಾಗ ತಪ್ಪು, ಯಾವಾಗ ಸರಿ ಎಂಬುದು ನಮ್ಮ ಶಾಲೆಯ ಯಾವ ಪಠ್ಯದಲ್ಲೂ ಇರಲಿಲ್ಲ. ಆದರೂ ಅಷ್ಟೂ ಮಂದಿಗೆ ಅದು ಗೊತ್ತಿತ್ತು.

ಆ 'ಹೌದು' ಎಂಬ ಉತ್ತರದ ಬಗ್ಗೆ ನನ್ನದೊಂದು ಅನಿಸಿಕೆ ಇದೆ. ಏಟು ಬೇಕೆಂದು ಯಾವ ಹೆಣ್ಣೂ ಬಯಸುವುದಿಲ್ಲ. 'ನಾನು ತಪ್ಪು ಮಾಡಿದ್ದರಿಂದ ಬಿತ್ತು' ಎಂದುಕೊಂಡರೆ 'ತಪ್ಪು ಮಾಡದಿದ್ದರೆ ಬೀಳುವುದಿಲ್ಲ' ಎಂಬ ಧೈರ್ಯ ಉಳಿಯುತ್ತದೆ. ಸಾರಿಗೆ ಉಪ್ಪು ಸರಿ ಹಾಕಿದರೆ, ಮಾತಿಗೆ ಮಾತು ಬೆಳೆಸದಿದ್ದರೆ ಈ ಮನೆಯಲ್ಲಿ ಬಾಳಬಹುದು ಎಂಬ ಲೆಕ್ಕ. ಕಾರಣವೇ ಇಲ್ಲದೆ ಬಿತ್ತು ಎಂದು ಒಪ್ಪಿಕೊಳ್ಳುವುದು ಅದಕ್ಕಿಂತ ಭಯಂಕರ.

ಇನ್ನು ಹಿಂಸೆಯ ಅಂಕಿಗೆ ಬರೋಣ. 2015-16ರ ನಾಲ್ಕನೆಯ ಸಮೀಕ್ಷೆಯಲ್ಲಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆಯನ್ನು ಎಂದಾದರೂ ಅನುಭವಿಸಿದ್ದೇವೆ ಎಂದ ಕರ್ನಾಟಕದ ವಿವಾಹಿತೆಯರು 20.6 ಶೇಕಡಾ ಇದ್ದರು. ಐದನೆಯ ಸಮೀಕ್ಷೆಯಲ್ಲಿ ಅದು 44.4 ಶೇಕಡಾ ಆಯಿತು. ಇಡೀ ದೇಶದ ಪ್ರಮಾಣ 29.3 ಶೇಕಡಾ ಇದ್ದಾಗ ನಮ್ಮದು ಬಿಹಾರವನ್ನೂ ಮೀರಿ ಎಲ್ಲ ರಾಜ್ಯಗಳಿಗಿಂತ ಮೇಲಿತ್ತು. ಕೊರೋನಾ ಲಾಕ್‌ಡೌನ್‌ನಿಂದ ಹೀಗಾಯಿತು ಎಂದು ಹಲವರು ವಿವರಣೆ ಕೊಡುತ್ತಾರೆ. ಇದು ಸರಿಯಲ್ಲ. ಕರ್ನಾಟಕದಲ್ಲಿ ಮನೆಮನೆಗೆ ಹೋಗಿ ಪ್ರಶ್ನೆ ಕೇಳಿದ್ದು 2019ರಲ್ಲಿ, ಲಾಕ್‌ಡೌನ್ ಬಂದದ್ದು 2020ರ ಮಾರ್ಚ್‌ನಲ್ಲಿ. ಹಿಂಸೆಯೇ ಹೆಚ್ಚಾಯಿತೇ, ಮೊದಲು ಮುಚ್ಚಿಟ್ಟದ್ದನ್ನು ಈಗ ಹೆಚ್ಚು ಮಂದಿ ಬಾಯಿ ಬಿಟ್ಟು ಹೇಳಿದರೇ ಎಂಬುದನ್ನು ಆ ಒಂದು ಅಂಕಿಯಿಂದ ತೀರ್ಮಾನಿಸಲಾಗದು. ಎರಡೂ ಇರಬಹುದು.

'ವಿದ್ಯೆ ಕೊಟ್ಟರೆ ಎಲ್ಲ ಸರಿಯಾಗುತ್ತದೆ' ಎಂಬುದು ನನ್ನಂಥ ಶಿಕ್ಷಕಿಯರು ಸುಲಭವಾಗಿ ಹೇಳುವ ಮಾತು. ಅದರಲ್ಲಿ ಸತ್ಯವಿದೆ. ಶಾಲೆಗೆ ಹೋಗದ ಮಹಿಳೆಯರಿಗಿಂತ ಹನ್ನೆರಡನೆಯ ತರಗತಿ ದಾಟಿದವರಲ್ಲಿ ಗಂಡನ ಹಿಂಸೆ ಅರ್ಧಕ್ಕಿಂತಲೂ ಕಡಿಮೆ ಕಂಡುಬಂದಿದೆ. ಆದರೆ ಕೇರಳವನ್ನು ನೋಡಿ. ಅಕ್ಷರ ಜ್ಞಾನದಲ್ಲಿ ಬಹಳ ಮುಂದು. ಗಂಡನ ಹಿಂಸೆ ಅನುಭವಿಸಿದೆವು ಎಂದವರೂ ಅಲ್ಲಿ ಹತ್ತರಲ್ಲಿ ಒಬ್ಬರಷ್ಟೆ. ಹಾಗಿದ್ದೂ ಹೊಡೆಯುವುದಕ್ಕೆ ಕಾರಣವಿರಬಹುದು ಎಂದ ಮಹಿಳೆಯರು 52.4 ಶೇಕಡಾ! ಶಾಲೆ ಮುಟ್ಟದ ಜಾಗವೊಂದು ಮನಸ್ಸಿನಲ್ಲಿ ಇದೆ.

ನಮ್ಮ ಮನೆಗಳಲ್ಲಿ ಇನ್ನೊಂದು ಸಮಾಧಾನವಿದೆ. ಕುಡಿಯುವವರ ಮನೆಯಲ್ಲಿ ಇದೆಲ್ಲ ಆಗುತ್ತದೆ, ನಮ್ಮಲ್ಲಿ ಆ ಕೆಟ್ಟ ಚಟ ಇಲ್ಲವಲ್ಲ ಎಂಬುದು. ಕುಡಿತ ಹಿಂಸೆಯನ್ನು ಬಹಳ ಹೆಚ್ಚಿಸುತ್ತದೆ, ನಿಜ. ಆಗಾಗ ಕುಡಿದು ಬರುವವರ ಹೆಂಡತಿಯರಲ್ಲಿ 70 ಶೇಕಡಾ ಮಂದಿ ಹಿಂಸೆ ಅನುಭವಿಸಿದ್ದಾರೆ. ಆದರೆ ಕುಡಿಯದವರ ಹೆಂಡತಿಯರಲ್ಲೂ ಆ ಪ್ರಮಾಣ 23 ಶೇಕಡಾ ಇದೆ. ಆ ಕೈಗಳನ್ನು ಎತ್ತಿಸಿದ್ದು ಯಾವ ಅಮಲು?

ಬೆಂಗಳೂರಿನ ಬಡ ಬಡಾವಣೆಗಳಲ್ಲಿ 16ರಿಂದ 25 ವರ್ಷದ 744 ವಿವಾಹಿತೆಯರನ್ನು ಮಾತನಾಡಿಸಿ ಮಾಡಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಅವರಲ್ಲಿ 56 ಶೇಕಡಾ ಮಂದಿ ಗಂಡನಿಂದ ಏಟು ತಿಂದವರು. ಆ ಸಂಶೋಧಕರಿಗೇ ಆಶ್ಚರ್ಯವಾದ ಸಂಗತಿಯೆಂದರೆ, ಮಹಿಳಾ ಸಂಘಗಳಿಗೆ ಹೋಗುವವರಲ್ಲಿ, ವೃತ್ತಿ ತರಬೇತಿ ಪಡೆದವರಲ್ಲಿ ಹಿಂಸೆ ಕಡಿಮೆ ಇರಲಿಲ್ಲ, ಹೆಚ್ಚೇ ಇತ್ತು. ಅದೇ ಮಹಿಳೆಯರನ್ನು ಕೆಲವು ತಿಂಗಳಿಗೊಮ್ಮೆ ಮತ್ತೆ ಭೇಟಿಯಾದಾಗ, ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಏಟು ಬೀಳುವ ಸಂಭವ ಮನೆಯಲ್ಲೇ ಇದ್ದವರಿಗಿಂತ ಹೆಚ್ಚೆಂದು ಕಂಡುಬಂತು. ಗಂಡನ ಕೆಲಸ ಅಲುಗಾಡಿದಾಗಲೂ ಹಾಗೆಯೇ. ಇದನ್ನು ಓದಿ 'ಅದಕ್ಕೇ ಹೆಂಗಸರು ಮನೆಯಲ್ಲಿರಬೇಕು' ಎನ್ನುವವರು ದಯವಿಟ್ಟು ಸ್ವಲ್ಪ ತಾಳಬೇಕು. ಏಟು ಕೊಟ್ಟದ್ದು ಹೊಲಿಗೆ ಯಂತ್ರವಲ್ಲ. ಹೆಂಡತಿಯ ಕೈಗೆ ನಾಲ್ಕು ಕಾಸು ಬಂದಾಗ ತನ್ನ ಮರ್ಯಾದೆ ಹೋಯಿತೆಂದು ತಿಳಿಯುವಂತೆ ಆ ಗಂಡನನ್ನು ಬೆಳೆಸಿದವರು ಯಾರು?

ತಾವೇ ಮೆಚ್ಚಿ ಮದುವೆಯಾದ ಹುಡುಗಿಯರಲ್ಲಿ ಹಿಂಸೆ ಹೆಚ್ಚು ಎಂಬುದೂ ಅದೇ ಅಧ್ಯಯನದಲ್ಲಿತ್ತು. ಹೆತ್ತವರು ಇದನ್ನು ಮಕ್ಕಳಿಗೆ ಹೆದರಿಸಲು ಬಳಸಬಹುದು. ನನಗೆ ಅಲ್ಲಿ ಕಂಡದ್ದು ಬೇರೆ. ತವರಿನ ಬಾಗಿಲು ಮುಚ್ಚಿದೆ ಎಂದು ತಿಳಿದ ಗಂಡನಿಗೆ ಅಂಕೆ ಇರುವುದಿಲ್ಲ.

ಅತ್ತೆ ಸೊಸೆಯರ ವಿಚಾರದಲ್ಲಿ ಬೆಂಗಳೂರಿನಲ್ಲೇ ಒಂದು ಒಳ್ಳೆಯ ಪ್ರಯತ್ನ ನಡೆದಿದೆ. 'ದಿಲ್ ಮಿಲ್' ಎಂದು ಅದರ ಹೆಸರು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುವ ಬಸುರಿಯರನ್ನೂ ಅವರ ಅತ್ತೆಯರನ್ನೂ ಸೇರಿಸಿಕೊಂಡು ಮನೆಯೊಳಗಿನ ಹಿಂಸೆಯ ಬಗ್ಗೆ ಮಾತನಾಡಿಸುವ ಕಾರ್ಯಕ್ರಮ. ಅದರ ಮೊದಲ ಪ್ರಾಯೋಗಿಕ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಅತ್ತೆಯನ್ನು ಹೊರಗಿಟ್ಟು ಸೊಸೆಗೆ ಮಾತ್ರ ಬುದ್ಧಿ ಹೇಳಿ ಪ್ರಯೋಜನವಿಲ್ಲ ಎಂಬುದನ್ನು ಅವರು ಸರಿಯಾಗಿ ಗುರುತಿಸಿದರು. ಏಕೆಂದರೆ ಹಿಂದೆ ಅದೇ ಅಡುಗೆಮನೆಯಲ್ಲಿ ಏಟು ತಿಂದವಳು ಆ ಅತ್ತೆಯೂ ಆಗಿರಬಹುದು. ತಾಯಿಗೆ ತಂದೆ ಹೊಡೆಯುವುದನ್ನು ನೋಡಿ ಬೆಳೆದ ಹುಡುಗಿಯರು ಮುಂದೆ ಗಂಡನಿಂದಲೂ ಏಟು ತಿನ್ನುವ ಸಂಭವ ಹೆಚ್ಚೆಂದು ಕುಟುಂಬ ಆರೋಗ್ಯ ಸಮೀಕ್ಷೆಗಳು ಮತ್ತೆ ಮತ್ತೆ ತೋರಿಸಿವೆ.

ನಮ್ಮ ತರಗತಿಯಲ್ಲಿ ದೀನ್‌ನ ಮಾತೂ ಬಂತು. 'ಕುರ್‌ಆನಿನಲ್ಲೇ ಇದೆಯಲ್ಲ' ಎಂದು ಒಬ್ಬಳು ಮೆಲ್ಲನೆ ಹೇಳಿದಳು. ಅನ್ನಿಸಾ ಅಧ್ಯಾಯದ 34ನೆಯ ಆಯತ್ ಆಕೆಯ ಮನಸ್ಸಿನಲ್ಲಿತ್ತು. ಆ ಆಯತನ್ನು ಓದುವವರು ಅದನ್ನು ತಂದು ಓದಿಸಿದ ಪ್ರವಾದಿವರ್ಯರ(ಸ) ಮನೆಯನ್ನೂ ನೋಡಬೇಕಲ್ಲವೇ? ಅವರು ತಮ್ಮ ಕೈಯಿಂದ ಯಾವ ಹೆಣ್ಣಿಗೂ, ಯಾವ ಸೇವಕನಿಗೂ ಎಂದೂ ಹೊಡೆದವರಲ್ಲ ಎಂದು ಹಝ್ರತ್ ಆಯಿಶಾ(ರ) ಅವರೇ ಸಾಕ್ಷ್ಯ ನುಡಿದಿದ್ದಾರೆ. ಮಕ್ಕಾದ ತಾಬಿಈ ವಿದ್ವಾಂಸ ಅತಾ ಬಿನ್ ಅಬೀ ರಬಾಹ್ ಅವರು ಈ ಆಯತನ್ನು ಬಲ್ಲವರೇ. ಆದರೂ ಗಂಡ ಕೋಪಿಸಿಕೊಳ್ಳಲಿ, ಹೊಡೆಯಬಾರದು ಎಂಬುದು ಅವರ ಅಭಿಪ್ರಾಯವಾಗಿತ್ತು. ಇದು ಈಗಿನ ಕಾಲದವರು ಹೊಸದಾಗಿ ಹುಟ್ಟಿಸಿದ ಮಾತಲ್ಲ, ಸಾವಿರದ ಇನ್ನೂರು ವರ್ಷಗಳಿಗಿಂತ ಹಿಂದಿನದು. ಖುತ್ಬಾಗಳಲ್ಲಿ ಇದನ್ನು ಎಷ್ಟು ಸಲ ಕೇಳಿದ್ದೀರಿ?

ಎಲ್ಲಕ್ಕಿಂತ ನನ್ನನ್ನು ಕಾಡಿದ ಅಂಕಿ ಬೇರೊಂದು. ಹಿಂಸೆ ಅನುಭವಿಸಿದ ಮಹಿಳೆಯರಲ್ಲಿ 77 ಶೇಕಡಾ ಮಂದಿ ಯಾರ ಸಹಾಯವನ್ನೂ ಕೇಳಿಲ್ಲ, ಯಾರಲ್ಲೂ ಹೇಳಿಲ್ಲ. ಸಹಾಯ ಕೇಳಿದವರು 14 ಶೇಕಡಾ ಮಾತ್ರ. ಅವರು ಹೆಚ್ಚಾಗಿ ಹೋದದ್ದು ತವರಿಗೆ. ಪೊಲೀಸರು, ವೈದ್ಯರು, ವಕೀಲರ ಬಳಿಗೆ ಹೋದವರು ತೀರಾ ಕಡಿಮೆ. ಎಂದರೆ ಮೊದಲು ಬಡಿಯುವ ಬಾಗಿಲು ನಿಮ್ಮದು, ನನ್ನದು. ಮಗಳು ಅಥವಾ ತಂಗಿ ಬಂದು ನಿಂತಾಗ 'ಸ್ವಲ್ಪ ಅಡ್ಜಸ್ಟ್ ಮಾಡಿಕೋ', 'ಊರವರು ಏನೆಂದಾರು' ಎಂದರೆ ಆಕೆ ಎರಡನೆಯ ಬಾಗಿಲು ಬಡಿಯುವುದಿಲ್ಲ. 'ನೀನೇನು ಮಾಡಿದೆ?' ಎಂದು ಮೊದಲು ಕೇಳುವ ನಮ್ಮ ಅಭ್ಯಾಸವಂತೂ ಆ ಏಳು ಪ್ರಶ್ನೆಗಳನ್ನೇ ಇನ್ನೊಂದು ರೀತಿಯಲ್ಲಿ ಕೇಳುವುದು. ಊಟ ಬಡಿಸಿ, ಮಲಗಲು ಬಿಡಿ. ಪೆಟ್ಟಾಗಿದ್ದರೆ ಸರಕಾರಿ ಆಸ್ಪತ್ರೆಗೆ ಕರೆದೊಯ್ದು, ಹೇಗಾಯಿತೆಂದು ಇದ್ದದ್ದನ್ನು ಇದ್ದಂತೆ ಬರೆಸಿ. ಬಚ್ಚಲಲ್ಲಿ ಜಾರಿ ಬಿದ್ದಳು ಎಂದು ಬರೆಸಬೇಡಿ.

ಕಾನೂನಿನ ಬಗ್ಗೆಯೂ ತಿಳಿದಿರಲಿ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರದ್ದು, ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಯಾವ ಧರ್ಮದವರೆಂಬ ಭೇದ ಅದರಲ್ಲಿಲ್ಲ. ಹೆಂಡತಿ ಮಾತ್ರವಲ್ಲ, ತಾಯಿ, ಸಹೋದರಿ, ಮಗಳು ಕೂಡಾ ದೂರು ಕೊಡಬಹುದು. ಮನೆ ಗಂಡನ ಅಥವಾ ಮಾವನ ಹೆಸರಿನಲ್ಲಿದೆ ಎಂಬ ಕಾರಣಕ್ಕೆ ಸೊಸೆಯನ್ನು ಸುಮ್ಮನೆ ಹೊರಗೆ ಹಾಕುವಂತಿಲ್ಲ. ಗಂಡನನ್ನು ಜೈಲಿಗೆ ಕಳಿಸಬೇಕೆಂದೂ ಇಲ್ಲ. ಹೊಡೆಯಬಾರದು, ಖರ್ಚಿಗೆ ಕೊಡಬೇಕು ಎಂಬಷ್ಟೇ ಆದೇಶವನ್ನೂ ಮ್ಯಾಜಿಸ್ಟ್ರೇಟರಿಂದ ಪಡೆಯಬಹುದು. ತುರ್ತಿಗೆ 181 ಮಹಿಳಾ ಸಹಾಯವಾಣಿ ಇದೆ. ನಮ್ಮ ರಾಜ್ಯದಲ್ಲಿ ತಾಲೂಕು ಮಟ್ಟದ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಈ ಕಾಯ್ದೆಯ ಸಂರಕ್ಷಣಾಧಿಕಾರಿಯೂ ಹೌದು. ಆ ಕಚೇರಿ ಎಲ್ಲಿದೆಯೆಂದು ನಿಮ್ಮ ಬೀದಿಯ ಅಂಗನವಾಡಿ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಮಗುವಿಗೆ ಪೌಷ್ಟಿಕ ಆಹಾರ ತರಲು ಹೋದಾಗ ಕೇಳಿಟ್ಟುಕೊಳ್ಳಿ.