ಕರಾಣಿಯ ಲೆಕ್ಕ ಗುಜರಿಗೆ ಹೋಗದಿರಲಿ

ಹಿಂದೆ ಹಡಗಿನಲ್ಲಿ ಕರಾಣಿ ಎಂಬ ಗುಮಾಸ್ತ ಇರುತ್ತಿದ್ದ. ಹಡಗಿನ ಲೆಕ್ಕಪತ್ರವೆಲ್ಲ ಅವನ ಕೈಯಲ್ಲಿ. ಪ್ರಯಾಣಿಕರಿಗೆ ಕುಡಿಯುವ ನೀರು ಹಂಚುವವನೂ ಅವನೇ ಎನ್ನುತ್ತದೆ ‘ಐನ್-ಎ-ಅಕ್ಬರಿ’. 14ನೇ ಶತಮಾನದಲ್ಲಿ ಮಂಗಳೂರಿಗೂ ಬಂದಿದ್ದ ಇಬ್ನ್ ಬತೂತ, ಅರಬ್ ಕರಾವಳಿಯ ಝಫಾರ್‌ನಲ್ಲಿ ಹಡಗಿನ ಒಡೆಯನ ಜೊತೆ ಕರಾಣಿಗೂ ಉಡುಗೊರೆಯ ಬಟ್ಟೆ ಸಿಗುತ್ತಿತ್ತು ಎಂದು ಬರೆದಿದ್ದಾರೆ.

ಹೆಸರು ನಮಗೆ ಹೊಸತೇನಲ್ಲ. ಕನ್ನಡದ ಕರಣಿಕ, ಘಟ್ಟದಾಚೆ ಕಮತಗಿಯಂಥ ಊರುಗಳ ಕುಲಕರ್ಣಿ, ಎಲ್ಲ ಒಂದೇ ಬೇರಿನ ಮಾತುಗಳು. ಕುಲಕರ್ಣಿಯ ಹುದ್ದೆಯೂ ಹೋಯಿತು. ಆದರೆ ಅದು ಸರಕಾರದ ಲೆಕ್ಕ. ದಫ್ತರದಲ್ಲಿ ಉಳಿಯಲು ಜಾಗವಿತ್ತು. ಬಂದರಿನ ಲೆಕ್ಕ ವ್ಯಾಪಾರಿಗಳ ಮನೆಯದು. ಅದನ್ನು ಉಳಿಸಬೇಕಾದವರು ಮನೆಯವರೇ.

ಕೊಡು-ಕೊಳ್ಳುವ ಸಾಲವನ್ನು ಬರೆದಿಡಿ, ಬರೆಯುವವನು ನ್ಯಾಯವಾಗಿ ಬರೆಯಲಿ ಎಂದು ಕುರ್‌ಆನ್ (2:282) ಕಲಿಸಿದೆ. ತುಳುವಿನ ‘ಬ್ಯಾರ’ ಅಂದರೆ ವ್ಯಾಪಾರ, ನಮ್ಮ ಹೆಸರು ಬಂದದ್ದೇ ಅದರಿಂದ ಅಂತ ಹೆಮ್ಮೆಪಡುವ ನಾವು, ಆ ಬ್ಯಾರದ ಲೆಕ್ಕವನ್ನೇ ಕಳೆದುಕೊಂಡರೆ ಹೇಗೆ?

ಅಟ್ಟದ ಮೇಲೆ ಅಜ್ಜನ ಪೆಟ್ಟಿಗೆ ಇದ್ದರೆ ಒಮ್ಮೆ ತೆರೆಯಿರಿ. ಮಂಜಿಯ ಚೀಟಿ, ಮಂಡಿಯ ಲೆಕ್ಕಪುಸ್ತಕ ಸಿಕ್ಕರೆ ಹಳೆ ಕಾಗದ ಅಂತ ಗುಜರಿಗೆ ಹಾಕಬೇಡಿ. ಬ್ಯಾರಿ ಸಾಹಿತ್ಯ ಅಕಾಡೆಮಿಯವರಿಗಾದರೂ ತೋರಿಸಿ. ನಮ್ಮ ಚರಿತ್ರೆ ಅದರಲ್ಲಿದೆ.