ತಾರೀಖು ಹೇಳಿದರೆ ಹುಡುಕುತ್ತಾರಂತೆ!

ಇಪ್ಪತ್ತು ವರ್ಷದ ಹಿಂದೆ ನನಗೆ ಬೀಸುವ ಪದಗಳನ್ನು ಹೇಳಿ ಬರೆಸಿದ ಹಳ್ಳಿಯ ಅಜ್ಜಿ ತೀರಿಕೊಂಡದ್ದು ಎಂದು? ಪುಸ್ತಕದ ಮರುಮುದ್ರಣಕ್ಕೆ ಬೇಕಿತ್ತು. ಪತ್ರಿಕೆಗಳ ನಿಧನವಾರ್ತೆಯಲ್ಲಿ ಅಂಥವರಿಗೆ ಎಡೆಯಿಲ್ಲ. ಮರಣದ ರಿಜಿಸ್ಟರು ಇರುವ ಕಚೇರಿಯಲ್ಲಿ, "ತಾರೀಖು ಹೇಳಿ, ಹುಡುಕುತ್ತೇವೆ" ಎಂದರು. ತಾರೀಖು ತಿಳಿದಿದ್ದರೆ ಅಲ್ಲಿಗೇಕೆ ಹೋಗುತ್ತಿದ್ದೆ? 1969ರ ಜನನ ಮರಣ ನೋಂದಣಿ ಕಾಯಿದೆಯ 17ನೆಯ ಕಲಮಿನಂತೆ ಶುಲ್ಕ ಕೊಟ್ಟು ಯಾರು ಬೇಕಾದರೂ ದಾಖಲೆ ಹುಡುಕಿಸಬಹುದು. ಆ ಹಕ್ಕು ಕಾಗದದಲ್ಲೇ ಮಲಗಿದೆ.

ಬೆಂಗಳೂರು ಕಾಳಗದಲ್ಲಿ ಮಡಿದ ಬುಟ್ಟನಸೆಟ್ಟಿಯ ಹೆಸರನ್ನು ಸಾವಿರ ವರ್ಷಕ್ಕೂ ಹಿಂದಿನ ಬೇಗೂರು ಶಾಸನದಲ್ಲಿ ಓದಬಹುದು. ನಮ್ಮ ಕಾಲದಲ್ಲೇ ಸತ್ತ ಆಕೆಯ ದಿನ ಸಿಗದು! ಹಳೆಯ ರಿಜಿಸ್ಟರುಗಳಿಗೆ ಊರು, ಹೆಸರು ಹಿಡಿದು ಹುಡುಕುವ ಸೂಚಿಯನ್ನು ಬರೆಸಲೇಬೇಕು. ಆದರೆ ತಪ್ಪು ಕಚೇರಿಯದಷ್ಟೇ ಅಲ್ಲ. ಹಾಡು ಬರೆದುಕೊಂಡು ಬಂದ ನಾನು ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ.